ಕೇಪಿನ ಕೋವಿಯೂ ಕೆಂದಳಿಲೂ

ಅಮಾವಾಸ್ಯೆ ಸಮೀಪಿಸಿತೆಂದರೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಸಂಸಾರಸಮೇತರಾಗಿ ಹೊರಡುವವರು ಬಹು ಮಂದಿ. ಶ್ರೀ ಕರಿಬಸವೇಶ್ವರಸ್ವಾಮಿಯ ಗದ್ದುಗೆಯ ದರ್ಶನ, ತುಂಗಭದ್ರೆಯಲ್ಲಿ ಸ್ನಾನ, ಮರದ ನೆರಳಿನಲ್ಲಿ ಅಡಿಗೆ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಈ ಪ್ರಯಾಣವನ್ನೇ ಮಲೆನಾಡಿನ ನೆಂಟರ ತೋಟದವರೆಗೆ ಬೆಳೆಸಿ, ಅಲ್ಲಿ ಬಿಡಾರ ಹೂಡಿ, ಹಳೆಯ ಕೇಪಿನ ಕೋವಿಯಿಂದ ಹುಡುಗರಿಗೆ ಅಳಿಲಿನ ಬೇಟೆಯನ್ನು ತೋರಿಸಿದರೆ ತಪ್ಪೇನೆಂದು ಕೇಳುವ ಗೃಹಸ್ಥರುಂಟು. ಅಮೆರಿಕ ದೇಶದಲ್ಲಿ ತಂದೆಯು ಮಗನಿಗೆ ಕಲಿಸುವ ಮೊದಲ ಬೇಟೆ ಅನೇಕ ವೇಳೆ ಇದೇ ಎಂಬುದು ಅವರ ವಾದ. ವಿಚಾರ ಮಾಡತಕ್ಕ ಪ್ರಶ್ನೆಯೇ ಸರಿ.

ಬೇಟೆಯಲ್ಲಿ ಗುಣವೇ ಇಲ್ಲವೆಂದು ನಮ್ಮ ಪೂರ್ವಿಕರು ಹೇಳಲಿಲ್ಲ. ಕೌಟಿಲ್ಯನು ಮೃಗಯೆಯನ್ನು ಕಾಮಜನ್ಯವಾದ ವ್ಯಸನಗಳಲ್ಲಿ ಸೇರಿಸಿದರೂ, ಅದರಿಂದ ವ್ಯಾಯಾಮವೂ ಗುರಿಯ ಅಭ್ಯಾಸವೂ ಲಭಿಸುವುವೆಂದು ಒಪ್ಪಿದ್ದಾನೆ. ಸುಶ್ರುತಸಂಹಿತೆಯು ಅಳಿಲನ್ನು ‘ವೃಕ್ಷಶಾಯಿಕಾ’ ಎಂದು ಕರೆದು, ಪರ್ಣಮೃಗಗಳ ಮಾಂಸದ ಗುಣವನ್ನು ಹೇಳುವಲ್ಲಿ ಅದನ್ನೂ ಎಣಿಸುತ್ತದೆ. ಕೇಪಿನ ಕೋವಿಯಂತೂ ತಾಳ್ಮೆಯ ಗುರು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಮತ್ತೆ ನಾರಿಟ್ಟು ಗಜದಿಂದ ಜಡಿದು, ಕೇಪು ಕೂರಿಸಿದ ಮೇಲೆ ಒಂದೇ ಈಡು. ಅದು ತಪ್ಪಿದರೆ ಎಲ್ಲವೂ ಮೊದಲಿನಿಂದ.

ಆದರೆ ಗುರಿಯ ತುದಿಯಲ್ಲಿರುವ ಜೀವವನ್ನೂ ನೋಡಬೇಡವೆ? ಭದ್ರೆಯ ಕಾಡುಗಳಲ್ಲಿ ವಾಸಿಸುವ ಕೆಂದಳಿಲು ಬಾಲವೂ ಸೇರಿ ಸುಮಾರು 3 ಅಡಿ ಉದ್ದ. ತೂಕ ಹೆಚ್ಚೆಂದರೆ 2 ಕಿಲೋಗ್ರಾಂ. ಮರದಿಂದ ಮರಕ್ಕೆ 20 ಅಡಿಯಷ್ಟು ನೆಗೆಯುತ್ತದೆ, ನೆಲಕ್ಕಿಳಿಯುವುದು ಅಪರೂಪ. ಅಪಾಯವನ್ನು ಕಂಡಾಗ ಎಷ್ಟೋ ಸಲ ಓಡದೆ ಕೊಂಬೆಗೆ ಅಂಟಿಕೊಂಡು ನಿಶ್ಚಲವಾಗಿ ಮಲಗಿಬಿಡುತ್ತದೆ. ಹದ್ದಿನ ಕಣ್ಣನ್ನು ತಪ್ಪಿಸುವ ಈ ಉಪಾಯವೇ ಕೋವಿಯ ಮುಂದೆ ಅದಕ್ಕೆ ಮೃತ್ಯುಕಾರಣ. ಕದಲದ ಪ್ರಾಣಿಗೆ ಗುಂಡಿಟ್ಟು ಹುಡುಗನು ಕಲಿಯುವ ಶೌರ್ಯವಾದರೂ ಯಾವುದು?

ಶಾಸನದ ಮಾತೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಕೆಂದಳಿಲನ್ನು ಕೊಲ್ಲುವುದು ಸೆರೆಮನೆಗೂ ದಂಡಕ್ಕೂ ದಾರಿ. ಬೆಳೆ ಕಾಯುವುದಕ್ಕೆ ಪಡೆದ ಕೋವಿಯ ಪರವಾನಗಿಯು ಬೇಟೆಗೆ ಅನುಮತಿಯಲ್ಲ. ತೀರ್ಥಯಾತ್ರೆಗೆ ಹೊರಟ ಯಜಮಾನನು ನ್ಯಾಯಾಲಯದ ಮೆಟ್ಟಿಲನ್ನು ಹತ್ತುವಂತಾದರೆ ಮನೆಮಂದಿಯ ಗತಿಯೇನು? ಅದಕ್ಕಿಂತ ಹೆಚ್ಚಿನ ಹಾನಿಯೆಂದರೆ, ಕದ್ದು ಮಾಡಿ ಬಚ್ಚಿಡುವ ವಿದ್ಯೆಯನ್ನು ಮಗನು ತಂದೆಯಿಂದಲೇ ಕಲಿಯುವುದು.

ಹಾಗಾದರೆ ಕೋವಿಯ ಸಂಪ್ರದಾಯವೇ ಅಳಿಯಬೇಕೆ? ಕೊಡಗಿನವರನ್ನು ನೋಡಿರಿ. ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಅವರಿಗೆ ಪೂರ್ವದಿಂದ ಬಂದ ವಿಶೇಷ ವಿನಾಯಿತಿಯುಂಟು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿ ಹಿಡಿಯಿತು. ಆದರೆ ಅದು ಬೇಟೆಯ ವಿನಾಯಿತಿಯಲ್ಲ. ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದಿನ ಹಬ್ಬದಲ್ಲಿ ಆಯುಧಪೂಜೆಯಾದ ಮೇಲೆ ಹಿಂದೆ ಕಾಡಿಗೆ ಬೇಟೆಗೆ ಹೋಗುತ್ತಿದ್ದರು. ಈಗ ತೆಂಗಿನಕಾಯಿಯನ್ನು ಕಟ್ಟಿ ಗುರಿಯಿಡುವ ಪಂದ್ಯ ನಡೆಯುತ್ತದೆ. ಕೋವಿಯೂ ಉಳಿಯಿತು, ಕೌಶಲವೂ ಉಳಿಯಿತು. ಬದಲಾದುದು ಗುರಿ ಮಾತ್ರ.

ನಾವೂ ಹಾಗೆಯೇ ಮಾಡಬಹುದು. ಕೋವಿಯನ್ನು ಮನೆಯಲ್ಲಿಯೇ ಭದ್ರವಾಗಿಟ್ಟು, ಬೇಟೆಗಾರನ ತಾಳ್ಮೆಯೊಂದನ್ನೇ ಬಿಡಾರಕ್ಕೆ ಕೊಂಡೊಯ್ಯಿರಿ. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಿ ಮರದ ಕೆಳಗೆ ಮಾತಿಲ್ಲದೆ ಕೂರಿಸಿರಿ. ಎಲೆಕಡ್ಡಿಗಳಿಂದ ಹೆಣೆದ ಗೂಡು ಯಾವ ಕೊಂಬೆಯಲ್ಲಿದೆ, ಅಳಿಲು ಯಾವ ಕಾಯಿಯನ್ನು ಮೊದಲು ಕಿತ್ತಿತು ಎಂದು ಅವರೇ ಕಂಡು ಹೇಳಲಿ. ಅರ್ಧ ಗಂಟೆ ಅಲುಗದೆ ಕುಳಿತ ಬಾಲಕನಿಗೆ ಬೇಟೆಯ ಉತ್ತಮಾಂಶವೆಲ್ಲ ಕೈಸೇರಿತು. ಮರುವರ್ಷ ಅವನ ತಂಗಿಗೆ ತೋರಿಸುವುದಕ್ಕೆ ಅಳಿಲೂ ಅಲ್ಲಿಯೇ ಇರುತ್ತದೆ.