ಪ್ರೈಮರ್ ಬೇಕಾ ಸಾರ್?

"ಸಾರ್, ಇವಕ್ಕೆ ಪ್ರೈಮರ್ ಹೊಡೀಬೇಕಾ?" ಎಂದು ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದಾಗ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆಯೇ, "ಬೇಡ ಕಣೋ, ದುಡ್ಡು ದಂಡ. ಚನ್ನಪಟ್ಟಣದವರು ಹೊಡೀತಾರಾ?" ಎಂದುಬಿಟ್ಟೆ. ಆ ಮಾತು ತಪ್ಪಾಗಿತ್ತು. ಎಷ್ಟು ತಪ್ಪು, ಏಕೆ ತಪ್ಪು ಎಂಬುದನ್ನು ಈ ವಾರ ಬರೆಯುತ್ತಿದ್ದೇನೆ.

ಹುಡುಗ ತುರುವೇಕೆರೆ ಕಡೆಯ ಹಳ್ಳಿಯವನು. ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಒಂದು ಮಾದರಿ ಮಾಡಿದ್ದ. ತೆಂಗಿನಕಾಯಿ ಅಟ್ಟ ಏರಿ, ಎಂಟು ಹತ್ತು ತಿಂಗಳು ಒಳಗೇ ಒಣಗಿ, ಉಂಡೆ ಕೊಬ್ಬರಿಯಾಗಿ, ತಿಪಟೂರಿನ ಮಾರುಕಟ್ಟೆ ಸೇರುವವರೆಗಿನ ಕಥೆ. ಕಾಯಿ ಸುಲಿಯುವವನು, ಚಿಪ್ಪು ಒಡೆದು ಕೊಬ್ಬರಿ ತೆಗೆಯುವ ಹೆಂಗಸರು, ತಕ್ಕಡಿ ಹಿಡಿದವನು, ರುಮಾಲು ಸುತ್ತಿದ ದಲ್ಲಾಳಿ, ಹೀಗೆ ಹೆಬ್ಬೆರಳುದ್ದದ ಹದಿನೇಳು ಗೊಂಬೆಗಳು. ಮೈಗೆ ಚಿಪ್ಪಿನ ಚೂರು, ತಲೆಗೆ ಕೆರೆಯ ಜೇಡಿಮಣ್ಣು. ಬಣ್ಣ ಅಂಗಡಿಯಲ್ಲಿ ಸಿಗುವ ಪೋಸ್ಟರ್ ಕಲರ್. ಎರಡು ತಿಂಗಳು ರಾತ್ರಿ ಕೂತು ಮಾಡಿದ್ದು.

ಪ್ರದರ್ಶನದ ದಿನ ತೀರ್ಪುಗಾರರೊಬ್ಬರು ದಲ್ಲಾಳಿಯನ್ನು ಕೈಗೆತ್ತಿಕೊಂಡರು. ಕೆಳಗಿಟ್ಟಾಗ ದಲ್ಲಾಳಿಯ ಮುಖ ಅವರ ಬೆರಳಿಗೆ ಬಂದಿತ್ತು. ಅಂಗಿಯ ಬಣ್ಣ ಮೀನಿನ ಹುರುಪೆಯಂತೆ ಎದ್ದು ಮೇಜಿನ ಮೇಲೆ ಉದುರಿತ್ತು. ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡು ಮುಂದಿನ ಮೇಜಿಗೆ ಹೋದರು. ಹುಡುಗ ಏನೂ ಅನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮರುದಿನ ಅವನ ತಂದೆ ಶಾಲೆಗೆ ಬಂದರು. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಾನು ಒಂದು ಡಬ್ಬಿ ಪ್ರೈಮರ್ ತಂದುಕೊಡ್ತೀನಿ ಅಂದಿದ್ದೆ. ನೀವು ಬೇಡ ಅಂದ್ರಿ ಅಂತ ಅವನೇ ಬೇಡ ಅಂದ. ಈಗ ಸ್ಕೂಲಿಗೆ ಹೋಗಲ್ಲ ಅಂತ ಕೂತವ್ನೆ" ಎಂದರು. ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಮೇಲೂ ಇಂಥ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ಅವರ ಮನೆಗೇ ಹೋದೆ.

ಅಟ್ಟದ ಕೆಳಗೆ ಕೊಬ್ಬರಿ ಬಿಡಿಸುವ ಕೆಲಸ ನಡೆದಿತ್ತು. ಹುಡುಗ ಅಲ್ಲೇ ಕೂತು ಕೈ ಜೋಡಿಸಿದ್ದ. ಅವನ ಕೈ ನೋಡಿದಾಗ ಅರ್ಧ ಕಾರಣ ಹೊಳೆಯಿತು. ಬೆರಳೆಲ್ಲ ಎಣ್ಣೆ. ಅದೇ ಕೈಯಲ್ಲಿ, ಆಗಷ್ಟೇ ಕೊಬ್ಬರಿ ಬಿಡಿಸಿದ ಚಿಪ್ಪನ್ನು ತೆಗೆದುಕೊಂಡು ಗೊಂಬೆ ಮಾಡಿದ್ದಾನೆ. ತಲೆಗೆ ಹಚ್ಚಿಕೊಳ್ಳುವುದೂ ಕೊಬ್ಬರಿ ಎಣ್ಣೆಯೇ. ನಮ್ಮ ಸೀಮೆಯಲ್ಲಿ ಎಣ್ಣೆ ಸೋಕದ ವಸ್ತು ಯಾವುದಿದೆ ಹೇಳಿ!

ಮಕ್ಕಳೇ, ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಗಾಳಿಗೆ ಬಿಟ್ಟರೆ ಅದು ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಹಾಗಾಗಿಯೇ ಹಿಂದಿನಿಂದಲೂ ಎಣ್ಣೆಬಣ್ಣ ಮಾಡಲು ಅಗಸೆ ಎಣ್ಣೆ ಬಳಸುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತ ಕೊಬ್ಬು. ಹೆಣೆದುಕೊಳ್ಳಲು ಬೇಕಾದ ದ್ವಿಬಂಧ ಅದರಲ್ಲಿ ತೀರಾ ಕಡಿಮೆ. ಚಳಿಗಾಲದ ಬೆಳಿಗ್ಗೆ ಸೀಸೆಯಲ್ಲಿ ಹೆಪ್ಪುಗಟ್ಟೀತು, ಬಿಸಿಲು ಬಂದರೆ ಕರಗೀತು, ಆದರೆ ಎಷ್ಟು ವರ್ಷ ಇಟ್ಟರೂ ಒಣಗದು. ಅದರ ಮೇಲೆ ಬಳಿದ ಬಣ್ಣ ಕೆಸುವಿನ ಎಲೆಯ ಮೇಲಿನ ನೀರಿನಂತೆ. ಕೂತ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಆ ಎಣ್ಣೆಯ ಮೇಲೆ ಪ್ರೈಮರ್ ಬಳಿದಿದ್ದರೂ ಗತಿ ಇಷ್ಟೇ. ಬಣ್ಣದ ಜೊತೆಗೆ ಪ್ರೈಮರೂ ಎದ್ದುಬರುತ್ತಿತ್ತು. ಮೊದಲು ತೊಳೆಯಬೇಕು. ಸೀಗೆಪುಡಿಯೋ ಸೋಪೋ ಹಾಕಿ ಉಜ್ಜಿ, ಒಣಗಿಸಿ, ಉಪ್ಪುಕಾಗದದಿಂದ ತಿಕ್ಕಿ ಹೊಳಪು ತೆಗೆಯಬೇಕು. ಆಮೇಲೆ ಪ್ರೈಮರ್ ಮಾತು.

ಜೇಡಿಮಣ್ಣಿನ ತಲೆಯ ರೋಗವೇ ಬೇರೆ. ಚಿಪ್ಪು ಬಣ್ಣವನ್ನು ಬೇಡವೆಂದಿತು, ಮಣ್ಣು ಅತಿಯಾಗಿ ಕುಡಿಯಿತು. ಪೋಸ್ಟರ್ ಬಣ್ಣದಲ್ಲಿ ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ನೀರು ಮೂರೂ ಇರುತ್ತವೆ. ಮಣ್ಣಿನ ಸಣ್ಣ ರಂಧ್ರಗಳು ಲೋಮನಾಳಗಳಂತೆ ನೀರನ್ನು ಎಳೆದುಕೊಂಡಾಗ ಅಂಟಿನ ಬಹುಪಾಲು ಅದರ ಜೊತೆ ಒಳಗೆ ಇಳಿಯುತ್ತದೆ. ಮೇಲೆ ಉಳಿಯುವುದು ಅಂಟಿಲ್ಲದ ಪುಡಿ. ಮುಟ್ಟಿದರೆ ಸೀಮೆಸುಣ್ಣದಂತೆ ಕೈಗೆ ಬರುತ್ತದೆ, ತೀರ್ಪುಗಾರರಿಗೆ ಬಂದಂತೆ. ತಳಕ್ಕೆ ಒಂದು ಪದರ ಬಳಿದು ಆ ರಂಧ್ರಗಳ ಬಾಯಿ ಮುಚ್ಚಿದರೆ ಬಣ್ಣದ ಅಂಟು ಬಣ್ಣದಲ್ಲೇ ಉಳಿಯುತ್ತದೆ. ಸುಟ್ಟ ಮಣ್ಣಿಗೆ ನೀರಿನಲ್ಲಿ ಕಲಸುವ ಬಿಳಿ ಪ್ರೈಮರ್ ಸಾಕು. ಸುಡದ ಹಸಿಮಣ್ಣಿಗೆ ನೀರು ತಾಗಿದರೆ ಮಣ್ಣೇ ನೆನೆದು ಕುಂಚಕ್ಕೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಮರಕ್ಕೆ ಬಳಿಯುವ ಪ್ರೈಮರನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿ ಬಳಿಯುವುದು ವಾಸಿ. ಈ ಕೆಲಸ ಮಾತ್ರ ದೊಡ್ಡವರೇ ಮಾಡಲಿ, ಮನೆಯ ಹೊರಗೆ, ಒಲೆ ದೀಪ ಹತ್ತಿರವಿಲ್ಲದ ಕಡೆ.

ಹಾಗಾದರೆ ಚನ್ನಪಟ್ಟಣದವರು? ನಾನು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಅವರು ಹಾಲೆ ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತಾ ಅದಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡು, ತಣಿದಾಗ ಗಟ್ಟಿಯಾಗುತ್ತದೆ. ಮೇಲೆ ಕೇದಗೆ ಜಾತಿಯ ಗರಿ ಹಿಡಿದು ಹೊಳಪು ಕೊಡುತ್ತಾರೆ. ಅಲ್ಲಿ ತಳವೂ ಬಣ್ಣವೂ ಮೆರುಗೂ ಒಂದೇ ಅರಗು. ಪ್ರೈಮರ್ ಮಾಡುವ ಕೆಲಸವನ್ನು ಬಿಸಿಯೇ ಮಾಡಿರುತ್ತದೆ. ಕುಂಚದಲ್ಲಿ ಪೋಸ್ಟರ್ ಬಣ್ಣ ಬಳಿಯುವ ಹುಡುಗನಿಗೆ ಈ ಉದಾಹರಣೆ ಕೊಟ್ಟದ್ದು ನನ್ನ ಅವಿವೇಕ.

ಕೊಡಬೇಕಿದ್ದದ್ದು ಕಿನ್ನಾಳದ ಉದಾಹರಣೆ. ಕೊಪ್ಪಳದ ಹತ್ತಿರದ ಆ ಊರಿನ ಚಿತ್ರಗಾರ ಮನೆತನಗಳವರು ಹಗುರ ಮರದಲ್ಲಿ ಗರುಡ, ಕಾಮಧೇನು, ಹಣ್ಣು, ಪ್ರಾಣಿಗಳನ್ನು ಮಾಡುತ್ತಾರೆ. ಕೆತ್ತಿದ ಮರದ ಮೇಲೆ ನೇರವಾಗಿ ಬಣ್ಣ ಹಾಕುವ ಮಾತೇ ಇಲ್ಲ. ಗೋಣಿಯ ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕೂಡಿಸಿದ 'ಕಿಟ್ಟ'ವನ್ನು ಮೈತುಂಬ ಸವರುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ನುಣ್ಣನೆಯ ಪುಡಿಯ ಲೇಪ. ಆಮೇಲೆ ಬಣ್ಣ. ಮರ ಹಿಗ್ಗಿದರೂ ಕುಗ್ಗಿದರೂ ನಡುವಿನ ಬಟ್ಟೆ, ನಾರು ಅದನ್ನು ತಡೆದುಕೊಳ್ಳುತ್ತವೆ. ಇಷ್ಟೆಲ್ಲ ಅವರು ಯಾವ ಬಿ.ಎಸ್ಸಿ. ಓದಿಯೂ ಕಲಿತದ್ದಲ್ಲ.

ತಳಬಣ್ಣದಿಂದ ಇನ್ನೊಂದು ಲಾಭವಿದೆ. ಚಿಪ್ಪು ಕಂದು. ಅದರ ಮೇಲೆ ತೆಳುವಾಗಿ ಹಳದಿ ಬಳಿದರೆ ಬೆಳಕು ಹಳದಿಯನ್ನು ತೂರಿ ಕಂದಿಗೆ ತಾಗಿ ಅಲ್ಲೇ ಹೀರಿಹೋಗುತ್ತದೆ, ಬಣ್ಣ ಕೊಳಕಾಗಿ ಕಾಣುತ್ತದೆ. ತಳ ಬಿಳಿಯಾಗಿದ್ದರೆ ಬೆಳಕು ತಿರುಗಿ ಬರುತ್ತದೆ. ವಿದೇಶಗಳಲ್ಲಿ ಅಂಗುಲದುದ್ದದ ಸೈನಿಕರ ಗೊಂಬೆಗಳಿಗೆ ಬಣ್ಣ ಹಾಕುವ ಹವ್ಯಾಸಿಗಳಲ್ಲಿ ಕೆಲವರು ಬೇಕೆಂದೇ ಕಪ್ಪು ತಳ ಬಳಿಯುತ್ತಾರೆ. ಕುಂಚ ತಲುಪದ ಮಡಿಕೆಗಳಲ್ಲಿ ನೆರಳು ತಾನಾಗಿ ಉಳಿಯುತ್ತದೆಂದು. ಅವರ ಗೊಂಬೆಗಳು ಲೋಹ, ಪ್ಲಾಸ್ಟಿಕ್ಕಿನವು. ನುಣುಪಾದ ಆ ಮೈಗೆ ಹಿಡಿತ ಬೇಕೇಬೇಕು.

ಆದರೆ ಗೊಂಬೆ ಸಣ್ಣದಾದಷ್ಟೂ ಪ್ರೈಮರೇ ಶತ್ರುವಾಗಬಹುದು. ಗೋಡೆಗೆ ಬಳಿಯುವ ಹಾಗೆ ದಪ್ಪಗೆ ಬಳಿದರೆ ಕಣ್ಣು ಮೂಗು ತುಂಬಿಕೊಂಡು ಎಲ್ಲ ಮುಖಗಳೂ ಹಲಸಿನ ಬೀಜವಾಗುತ್ತವೆ. ತೆಳ್ಳಗೆ ಎರಡು ಸಲ, ನಡುವೆ ಚೆನ್ನಾಗಿ ಒಣಗಿಸಿ. ಸೋನೆಮಳೆಯ ದಿನಗಳಲ್ಲಿ ಆತುರ ಬೇಡ. ನೀರಿಗೆ ಬಿಡುವ ಗಣಪನಿಗಂತೂ ಪ್ರೈಮರೂ ಬೇಡ, ಬಣ್ಣವೂ ಬೇಡ. ಕೆರೆಯ ಮಣ್ಣು ಹಾಗೇ ಕೆರೆಗೆ ಹೋಗಲಿ.

ಪೋಷಕರಿಗೆ ಎರಡು ಮಾತು. ಅಟ್ಟದಲ್ಲಿ ಹಳೆಯ ಪೇಂಟ್ ಡಬ್ಬಿ ಇದ್ದರೆ ಮಕ್ಕಳ ಕೈಗೆ ಕೊಡಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಬೆರೆಸುತ್ತಿದ್ದರು. ಕಬ್ಬಿಣಕ್ಕೆ ಬಳಿಯುತ್ತಿದ್ದ ಕೆಂಪು ಪ್ರೈಮರ್ ಸೀಸದ ಆಕ್ಸೈಡೇ. ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಡಬ್ಬಿಯ ಮೇಲೆ ಅದನ್ನು ನೋಡಿ ಕೊಳ್ಳಿ. ಇನ್ನು ದಸರೆ ಹತ್ತಿರ ಬಂದಾಗ ತಾಯಂದಿರು ತವರಿನಿಂದ ತಂದ ಪಟ್ಟದ ಗೊಂಬೆಯ ಬಣ್ಣ ಎದ್ದಿದೆ, ಉಜ್ಜಿ ಹೊಸದಾಗಿ ಬಳಿಯಲೇ ಎಂದು ಕೇಳುವುದುಂಟು. ಬೇಡ ತಾಯಿ. ಉಜ್ಜಿದರೆ ಹೋಗುವುದು ನಿಮ್ಮ ಅಜ್ಜಿ ನೋಡಿದ ಮುಖ. ಮೆತ್ತನೆಯ ಒಣಬಟ್ಟೆಯಲ್ಲಿ ಧೂಳು ಒರೆಸಿ ಕೂರಿಸಿ, ಸಾಕು.

ಹುಡುಗನಿಗೆ ಅಂದು ಸಂಜೆ ನಾನು ತಪ್ಪು ಹೇಳಿದೆನೆಂದು ಅವನ ತಂದೆಯ ಎದುರಿಗೇ ಒಪ್ಪಿಕೊಂಡೆ. ನಂಬಬೇಡ, ನೀನೇ ಪರೀಕ್ಷಿಸು ಎಂದೆ. ಅವನು ನಾಲ್ಕು ಚಿಪ್ಪಿನ ಚೂರು ತೆಗೆದುಕೊಂಡ. ಒಂದು ಇದ್ದ ಹಾಗೇ, ಒಂದಕ್ಕೆ ತೊಳೆಯದೆ ಪ್ರೈಮರ್, ಒಂದನ್ನು ತೊಳೆದು ತಿಕ್ಕಿದ್ದು, ಒಂದಕ್ಕೆ ತೊಳೆದು ತಿಕ್ಕಿ ಪ್ರೈಮರ್. ನಾಲ್ಕಕ್ಕೂ ಒಂದೇ ಕೆಂಪು ಬಣ್ಣ. ಎರಡು ದಿನ ಬಿಟ್ಟು ಬ್ಲೇಡಿನಿಂದ ಚೌಕಳಿ ಗೀರು ಹಾಕಿ, ಸೆಲ್ಲೋ ಟೇಪ್ ಅಂಟಿಸಿ ಥಟ್ಟನೆ ಕಿತ್ತ. ಮೊದಲ ಎರಡರ ಬಣ್ಣ ಪೂರ್ತಿ ಟೇಪಿಗೆ ಬಂತು. ಮೂರನೆಯದರಲ್ಲಿ ಅಲ್ಲಲ್ಲಿ ಚೌಕ ಎದ್ದವು. ನಾಲ್ಕನೆಯದರಲ್ಲಿ ಅಂಚಿನ ಒಂದೆರಡು ಮಾತ್ರ. ಟೇಪುಗಳನ್ನು ನೋಟ್‌ಪುಸ್ತಕದಲ್ಲಿ ಅಂಟಿಸಿಕೊಂಡು ಸೋಮವಾರ ಶಾಲೆಗೆ ಬಂದ.

ಮೊನ್ನೆ ನನ್ನ ಮೇಜಿನ ಮೇಲೆ ಒಂದು ಗೊಂಬೆ ಇಟ್ಟು ಹೋಗಿದ್ದಾನೆ. ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು, ತಲೆ ಬಗ್ಗಿಸಿ ಏನೋ ತಿದ್ದುತ್ತಿರುವ ಮೇಷ್ಟ್ರು. ತಲೆಗೂದಲನ್ನು ಇರುವುದಕ್ಕಿಂತ ಹೆಚ್ಚು ಕಪ್ಪಾಗಿ ಬಳಿದಿದ್ದಾನೆ. ಯಾರೂ ಇಲ್ಲದಾಗ ಉಗುರಿನಿಂದ ಕೆರೆದು ನೋಡಿದೆ. ಬಣ್ಣ ಬಿಡಲಿಲ್ಲ.