ನೀರಿಗೆ ಕಾವಲು ಯಾರದು?

ವಿಜಯಪುರದ ದುಡಿಯುವ ಜನರಿಗೆ ನೀರಿನ ತಾಪತ್ರಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಗಿರಣಿ ಕಾರ್ಮಿಕನ ಮನೆಯಾಕೆ ನಳ ಬರುವ ದಿನವನ್ನು ಪಗಾರದ ದಿನದಂತೆ ಎಣಿಸುತ್ತಾಳೆ. ಬೇಸಿಗೆಯಲ್ಲಿ ಖಾನಾವಳಿಯವರೂ ಚಹದ ಅಂಗಡಿಯವರೂ ಟ್ಯಾಂಕರಿನ ಬಾಕಿಯನ್ನು ಅಂಗಡಿ ಬಾಡಿಗೆಯ ಪಕ್ಕದಲ್ಲೇ ಬರೆದಿಡುತ್ತಾರೆ. ಚುನಾವಣೆ ಬಂತೆಂದರೆ ಒಂದು ಹೊಸ ನೀರಿನ ಯೋಜನೆಯೂ ಬರುತ್ತದೆ; ಕಲ್ಲು ನೆಡುತ್ತಾರೆ, ಹಾರ ಬೀಳುತ್ತದೆ. ಆ ನೀರನ್ನು ಮುಂದೆ ಕಾಯುವವರು ಯಾರು ಎಂದು ಮಾತ್ರ ವೇದಿಕೆಯ ಮೇಲಿನವರು ಹೇಳುವುದಿಲ್ಲ.

ಕೃಷ್ಣೆಯ ನೀರು ಕೊಲ್ಹಾರದಿಂದ ಪಂಪಿನ ಬಲದಿಂದ ಊರಿಗೆ ಏರಿ ಬರುತ್ತದೆ. ಆಲಮಟ್ಟಿ ಜಲಾಶಯ ತುಂಬಿ ನಿಂತಾಗಲೂ ಅದರ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರು, ನಮ್ಮ ಊರು ಅದಕ್ಕಿಂತ ಎತ್ತರದಲ್ಲಿದೆ. ಅಂದಮೇಲೆ ಪ್ರತಿ ಕೊಡದ ಹಿಂದೆ ವಿದ್ಯುತ್ತಿನ ಖರ್ಚಿದೆ. ಕರೆಂಟು ಕೈಕೊಟ್ಟರೆ, ಪೈಪು ಒಡೆದರೆ, ನಳ ಒಣಗುತ್ತದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಅಣೆಕಟ್ಟಿಗಾಗಿ ಆಗಿನ ಅಖಂಡ ಜಿಲ್ಲೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಅಂಥ ನೀರನ್ನು ಒಡೆದ ಪೈಪಿನಿಂದ ಗಟಾರಕ್ಕೆ ಹರಿಯಬಿಡುವುದು ಮುಳುಗಿದವರಿಗೆ ಮಾಡುವ ಅಪಮಾನ.

ಹಿಂದೆ ಈ ಊರು ಬದುಕಿದ್ದು ಕೃಷ್ಣೆಯಿಂದಲ್ಲ. ಸುಲ್ತಾನರನ್ನು ಹೊಗಳುವುದು ನಮ್ಮ ಕೆಲಸವಲ್ಲ. ಅವರ ಕಟ್ಟಡಗಳಿಗೆ ಬೆವರು ಸುರಿಸಿದವರೂ ತೆರಿಗೆ ತೆತ್ತವರೂ ಬಡವರೇ. ಆದರೆ ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಬೇಕು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಗಾಳಿಗಂಡಿ ಬಿಟ್ಟು, ನೀರು ತಂದರು. 1651ರಲ್ಲಿ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ಇಳಿಜಾರಿನ ಬಲದಿಂದಲೇ ಪೇಟೆಗೆ ಹರಿಯಿತು. ದಾರಿಯಲ್ಲಿದ್ದ ಗಂಜುಗಳೆಂಬ ಕಲ್ಲಿನ ಗೋಪುರಗಳು ಒತ್ತಡ ತಗ್ಗಿಸಿ, ಕೆಸರನ್ನು ತಳಕ್ಕೆ ಇಳಿಸುತ್ತಿದ್ದವು. 1620ರ ಸುಮಾರಿಗೆ ಮಲಿಕ್ ಸಂದಲ್ ಕಟ್ಟಿಸಿದ ತಾಜ್ ಬಾವಡಿ ಇಂದಿಗೂ ನಮ್ಮ ಕಣ್ಣೆದುರಿಗಿದೆ.

ಇವು ಹಾಳಾದದ್ದು ಮಳೆ ಕಡಿಮೆಯಾಗಿ ಅಲ್ಲ. ನಳ ಬಂದ ಮೇಲೆ ಬಾವಡಿ ಯಾರಿಗೂ ಬೇಡವಾಯಿತು. ಬೇಡವಾದ ಬಾವಡಿ ಕಸದ ಗುಂಡಿಯಾಯಿತು. ಹಬ್ಬದ ಮೂರ್ತಿಗಳೂ ಬಣ್ಣ ಸಮೇತ ಅಲ್ಲೇ ಇಳಿದವು. ಕೆಲ ವರ್ಷಗಳ ಹಿಂದೆ ನಗರದ ಹಲವು ಬಾವಡಿಗಳ ಹೂಳು ತೆಗೆಸಲಾಯಿತು. ಅದು ಮೆಚ್ಚತಕ್ಕ ಕೆಲಸ. ಆದರೆ ಬಳಸದೆ ಬಿಟ್ಟ ನೀರಿಗೆ ಕಾವಲಿರುವುದಿಲ್ಲ. ಬಟ್ಟೆ ಒಗೆಯಲು, ಮನೆ ಕಟ್ಟಲು, ಗಿರಣಿಯ ನೆಲ ತೊಳೆಯಲು, ಉದ್ಯಾನಕ್ಕೆ ಹಾಯಿಸಲು ಕೃಷ್ಣೆಯ ನೀರೇ ಏಕೆ ಬೇಕು? ಅವಕ್ಕೆಲ್ಲ ಬಾವಡಿಯ ನೀರನ್ನು ಬೇರೆ ಪೈಪಿನಲ್ಲಿ ಓಣಿಗೆ ಕೊಡಿರಿ. ಆಗ ಅದರಲ್ಲಿ ಕಸ ಎಸೆಯುವವನ ಕೈಯನ್ನು ಓಣಿಯ ಹೆಂಗಸರೇ ಹಿಡಿಯುತ್ತಾರೆ, ಪೊಲೀಸರು ಬೇಕಾಗುವುದಿಲ್ಲ.

ಟಿಕೋಟಾ, ಬಬಲೇಶ್ವರಗಳ ಸಂಕಟ ಬೇರೆ ಬಗೆಯದು. ಜತ್ತ ಸೀಮೆಯಿಂದ ಇಳಿದು ಬರುವ ಡೋಣಿಯ ದಂಡೆಯ ಕರಿಮಣ್ಣು ಜೋಳಕ್ಕೆ ಬಂಗಾರ, ಹೊಳೆಯ ನೀರು ಮಾತ್ರ ಬಾಯಿಗಿಟ್ಟರೆ ಉಪ್ಪು. ಮಮದಾಪುರದಲ್ಲಿ 1633ರ ಸುಮಾರಿಗೇ ದೊಡ್ಡ ಕೆರೆ ಕಟ್ಟಿದ್ದು ಸುಮ್ಮನಲ್ಲ. ಈಗ ತುಬಚಿ-ಬಬಲೇಶ್ವರ ಮತ್ತು ಮುಳವಾಡ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಈ ಸೀಮೆಗೆ ಹತ್ತಿದೆ; ಕೆರೆಗಳಿಗೂ ನೀರು ಬಿಡುತ್ತಾರೆ. ಬಹಳ ದಿನ ಕಾದ ರೈತನಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಕೆರೆ ತುಂಬಿದಾಗ ನೆಲದೊಳಗೆ ಇಳಿದ ನೀರು ಯಾರದು? ಆಳದ ಬೋರು ಕೊರೆಸಬಲ್ಲವನು ಅದನ್ನು ದ್ರಾಕ್ಷಿಗೋ ಕಬ್ಬಿಗೋ ಎಳೆದುಕೊಂಡರೆ, ಭೂಮಿಯಿಲ್ಲದವನ ಕೇರಿಯ ಕೈಪಂಪು ಗಾಳಿ ಉಗುಳುತ್ತದೆ. ಸರಕಾರದ ಹಣದಿಂದ ತುಂಬಿದ ಕೆರೆಯಲ್ಲಿ ಕುಡಿಯುವ ನೀರಿನ ಪಾಲನ್ನು ಮೊದಲು ಗುರುತು ಹಾಕಿ ಇಡಬೇಕು. ಉಳಿದದ್ದು ಬೆಳೆಗೆ.

ಇನ್ನು ನಾಣ್ಯ ಹಾಕಿದರೆ ನೀರು ಕೊಡುವ ಘಟಕಗಳು. ಉಪ್ಪುನೀರಿನ ಊರಿಗೆ ಅವು ಬೇಕು, ಒಪ್ಪುತ್ತೇವೆ. ಆದರೆ ಆ ಯಂತ್ರ ಒಂದು ಕಡೆ ಸಿಹಿನೀರು ಕೊಟ್ಟು, ಇನ್ನೊಂದು ಕಡೆ ಮತ್ತಷ್ಟು ಉಪ್ಪಾದ ನೀರನ್ನು ಹೊರಗೆ ಬಿಡುತ್ತದೆ. ಅದು ಎಲ್ಲಿ ಹರಿಯುತ್ತದೆಂದು ಓದುಗರು ಒಮ್ಮೆ ನಿಂತು ನೋಡಬೇಕು. ನೀರನ್ನು ಪೂರಾ ವ್ಯಾಪಾರಿಗಳ ಕೈಗೆ ಕೊಟ್ಟರೆ ಏನಾಗುತ್ತದೆಂಬುದನ್ನು ಬೊಲಿವಿಯಾ ದೇಶದ ಕೊಚಬಾಂಬಾ ಊರಿನವರು 2000ದಲ್ಲಿ ಕಂಡರು. ಕಂಪನಿ ದರ ಏರಿಸಿತು. ಕಾರ್ಮಿಕರೂ ರೈತರೂ ಬೀದಿಗಿಳಿದರು, ಸರಕಾರ ಗುತ್ತಿಗೆಯನ್ನು ರದ್ದು ಮಾಡಬೇಕಾಯಿತು. ಶುದ್ಧ ನೀರು ಮನುಷ್ಯನ ಹಕ್ಕೆಂದು ವಿಶ್ವಸಂಸ್ಥೆ ಒಪ್ಪಿದ್ದು ಅದಾದ ಹತ್ತು ವರ್ಷಕ್ಕೆ, 2010ರ ಜುಲೈಯಲ್ಲಿ.

ನಮ್ಮ ಗಟಾರದ ನೀರಿನ ಲೆಕ್ಕವನ್ನೂ ಕೇಳಬೇಕು. ಗಟಾರ ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆ ಕೃಷ್ಣೆಗೆ. ಕೃಷ್ಣೆ ಹಂಸಲದೀವಿಯ ಬಳಿ ಬಂಗಾಲ ಕೊಲ್ಲಿಗೆ. ನಾವು ಸಮುದ್ರ ಕಾಣದ ಜನ, ನಿಜ. ಆದರೆ ಅಲ್ಲಿಯ ಮೀನುಗಾರನ ಬಲೆಗೆ ನಮ್ಮ ಹೊಲಸು ಮುಟ್ಟುತ್ತದೆ. ಅವನೂ ದುಡಿದು ತಿನ್ನುವವನೇ.

ಆದ್ದರಿಂದ ಮಹಾನಗರಪಾಲಿಕೆ ಪ್ರತಿ ಬಾವಡಿಗೆ ಪಗಾರದ ಕಾವಲುಗಾರನನ್ನು, ಗುತ್ತಿಗೆಯವನನ್ನಲ್ಲ, ಕಾಯಂ ನೌಕರನನ್ನು ನೇಮಿಸಲಿ. ನೀರಿನ ಪರೀಕ್ಷೆಯ ಫಲವನ್ನೂ ದುರಸ್ತಿಯ ಖರ್ಚನ್ನೂ ಕನ್ನಡದಲ್ಲಿ ಬರೆದು ಓಣಿಯ ಹಲಗೆಗೆ ಹಚ್ಚಲಿ. ಮಿರಗದ ಮಳೆ ಹತ್ತುವ ಮೊದಲು ಬೇಗಂ ತಲಾಬಿಗೂ ಭೂತನಾಳ ಕೆರೆಗೂ ನೀರು ಬರುವ ಕಾಲುವೆಗಳನ್ನು ತೆರವು ಮಾಡಲಿ. ನಮ್ಮ ಬಾಂಧವರು ಈ ವಾರವೇ ತಂತಮ್ಮ ವಾರ್ಡಿನ ಸದಸ್ಯರನ್ನು ಕಂಡು, ನಮ್ಮ ಓಣಿಯ ಬಾವಡಿ ಯಾರ ವಶದಲ್ಲಿದೆಯೆಂದು ಲಿಖಿತ ಉತ್ತರ ಕೇಳಬೇಕು. ಅರ್ಜಿ ಬರೆಯಲು ಬಾರದವರು ಪಾಳಿ ಮುಗಿದ ಮೇಲೆ ನಮ್ಮ ಕಚೇರಿಗೆ ಬರಲಿ, ಬರೆದುಕೊಡುತ್ತೇವೆ.