ಕಡಲಿಲ್ಲದ ಜಿಲ್ಲೆಯ ಮೀನುಗಾರರು

ಮೀನುಗಾರರು ಎಲ್ಲಿರುತ್ತಾರೆ? ನಮ್ಮ ಭಾಗದ ಯಾವ ಶಾಲೆಯಲ್ಲಿ ಕೇಳಿದರೂ ಮಕ್ಕಳು ಕೊಡುವ ಉತ್ತರ ಮಂಗಳೂರು, ಮಲ್ಪೆ, ಕಾರವಾರ. ಪುಸ್ತಕದಲ್ಲಿರುವ ಚಿತ್ರವೂ ಅದೇ: ತೆಂಗಿನ ಮರ, ಮರಳ ದಂಡೆ, ಸಾಲಾಗಿ ನಿಂತ ದೋಣಿಗಳು. ಭಾಲ್ಕಿ ಎಂದಾಗಲಿ ಔರಾದ್ ಎಂದಾಗಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಪಕ್ಕದಲ್ಲಿ ಕುಳಿತವರು ನಕ್ಕಾರು.

ಆದರೆ ರಾಜ್ಯದ ಮೀನುಗಾರಿಕೆ ವಿಜ್ಞಾನದ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಕಡಲ ದಂಡೆಯಲ್ಲಲ್ಲ, ನಮ್ಮ ಬೀದರಿನ ನಂದಿನಗರದಲ್ಲಿ. 2004ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಅದು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜೂ ಅದರ ಅಡಿಯಲ್ಲೇ ಬರುತ್ತದೆ. ಆದರೆ ನಮ್ಮ ನೆಲದ ಮೀನುಗಾರಿಕೆ ಈ ವಿಶ್ವವಿದ್ಯಾಲಯದಿಂದ ಆರಂಭವಾದದ್ದಲ್ಲ. ಅದರ ವಯಸ್ಸು ಮಾಂಜ್ರಾ ನದಿಯ ದಂಡೆಯ ಹಳ್ಳಿಗಳಷ್ಟೇ ಹಳೆಯದು.

ಮಾಂಜ್ರಾ ನದಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟಿ, ನಮ್ಮ ಭಾಲ್ಕಿ, ಔರಾದ್, ಬೀದರ್ ಸೀಮೆಯನ್ನು ಹಾದು ತೆಲಂಗಾಣಕ್ಕೆ ಹೋಗುತ್ತದೆ. ಅಲ್ಲಿ ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 724 ಕಿಲೋಮೀಟರ್. ಬೀದರಿನಿಂದ ಔರಾದಿಗೆ ಹೋಗುವವರು ಕೌಠಾ ಸೇತುವೆಯ ಮೇಲೆ ದಾಟುವುದು ಇದೇ ನದಿಯನ್ನು. ಇದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅಣೆಕಟ್ಟು ಕಟ್ಟಿದ್ದಾರೆ. ಈ ನದಿ, ಜಲಾಶಯ, ಕೆರೆಗಳ ನೀರನ್ನು ನಂಬಿ ಬದುಕಿದವರು ಕೋಲಿ, ಕಬ್ಬಲಿಗ, ಬೆಸ್ತ, ಅಂಬಿಗ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಸಿಕೊಳ್ಳುವ ಜನ. ಹೊಳೆ ದಾಟಿಸುವುದು, ಮೀನು ಹಿಡಿಯುವುದು, ನೀರು ಇಳಿದಾಗ ದಂಡೆಯಲ್ಲಿ ಬೇಸಾಯ ಮಾಡುವುದು ಅವರ ಕಸುಬು.

ನಮ್ಮ ಪರಂಪರೆ ಯಾವುದೆಂದರೆ ನಾವು ಬೀದರಿನ ಕೋಟೆಯನ್ನು ತೋರಿಸುತ್ತೇವೆ, 1472ರ ಮಹಮೂದ್ ಗವಾನನ ಮದರಸಾವನ್ನು ತೋರಿಸುತ್ತೇವೆ, ಬಿದರಿ ಕಲೆಯ ಹೂದಾನಿಯನ್ನು ತೋರಿಸುತ್ತೇವೆ. ಇವೆಲ್ಲ ಹೆಮ್ಮೆಯ ವಸ್ತುಗಳೇ. ಆದರೆ ಕಣ್ಣಿಗೆ ಕಾಣುವಂತೆ ಉಳಿಯದ ಪರಂಪರೆಯೂ ಒಂದಿದೆ. ಅದು ಕೈಯಲ್ಲಿ, ಕಣ್ಣಿನಲ್ಲಿ, ಮಾತಿನಲ್ಲಿ ಇರುತ್ತದೆ. ಆ ಮನುಷ್ಯ ಹೋದರೆ ಅದೂ ಹೋಗುತ್ತದೆ. ಮೀನುಗಾರನ ವಿದ್ಯೆ ಅಂಥದು.

ಬೀಸುಬಲೆಯನ್ನು ನೋಡಿ. ಅದರ ಅಂಚಿಗೆ ಸಣ್ಣ ಸೀಸದ ಗುಂಡುಗಳನ್ನು ಪೋಣಿಸಿರುತ್ತಾರೆ. ಸೊಂಟ ತಿರುಗಿಸಿ ಎಸೆದಾಗ ಬಲೆ ಸುತ್ತುತ್ತದೆ. ಆ ಗುಂಡುಗಳು ಜಡತ್ವದಿಂದ ಹೊರಕ್ಕೆ ಸರಿಯುತ್ತವೆ, ಬಲೆ ತಟ್ಟೆಯಂತೆ ಅರಳುತ್ತದೆ. ನೀರಿಗೆ ಬಿದ್ದ ಮೇಲೆ ಅಂಚು ಮೊದಲು ಮುಳುಗಿ, ಮೀನಿನ ಮೇಲೆ ಬುಟ್ಟಿ ಕವುಚಿದಂತೆ ಕೂರುತ್ತದೆ. ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಇನ್ನೊಂದು ಬಲೆ ಇದೆ. ಮೀನು ಅದರ ಕಣ್ಣಿನೊಳಗೆ ತಲೆ ತೂರಿಸುತ್ತದೆ, ಹಿಂದೆ ಸರಿಯಲು ಹೋದಾಗ ಕಿವಿರಿನ ಮುಚ್ಚಳ ಸಿಕ್ಕಿಕೊಳ್ಳುತ್ತದೆ. ಈ ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು ಎಂಬುದರಲ್ಲೇ ಅರ್ಧ ವಿದ್ಯೆ ಇದೆ. ಕಣ್ಣು ದೊಡ್ಡದಾದರೆ ಮರಿಗಳು ಪಾರಾಗಿ ಮುಂದಿನ ವರ್ಷಕ್ಕೆ ಬೆಳೆಯುತ್ತವೆ. ಸೊಳ್ಳೆಪರದೆಯಂಥ ಬಲೆ ಹಾಕಿದರೆ ಇಂದು ಬುಟ್ಟಿ ತುಂಬುತ್ತದೆ, ನಾಳೆ ಹೊಳೆ ಖಾಲಿಯಾಗುತ್ತದೆ.

ಹರಿಗೋಲಿನ ಕಥೆ ಇನ್ನೂ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಆ ದೋಣಿ ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತದೆ ಎಂಬುದನ್ನೂ ಆತ ಗಮನಿಸಿದ್ದ. ಬುಟ್ಟಿಯ ತಳ ಅಗಲವಾಗಿದ್ದರೆ ಸ್ವಲ್ಪವೇ ಮುಳುಗಿದರೂ ಅದು ತನ್ನ ಭಾರಕ್ಕೆ ಬೇಕಾದಷ್ಟು ನೀರನ್ನು ಸರಿಸುತ್ತದೆ. ಬಂಡೆಗಳಿರುವ ಆಳವಿಲ್ಲದ ದಖ್ಖನ್ನಿನ ಹೊಳೆಗಳಿಗೆ ಇದಕ್ಕಿಂತ ಒಪ್ಪುವ ದೋಣಿ ಇನ್ನೊಂದಿಲ್ಲ. ಆರ್ಕಿಮಿಡೀಸನ ನಿಯಮವನ್ನು ಪಾಠದಲ್ಲಿ ಬಾಯಿಪಾಠ ಮಾಡುವ ಮಕ್ಕಳು ಅದನ್ನು ಕೈಯಿಂದ ಹೆಣೆದವರ ಮನೆಗೂ ಒಮ್ಮೆ ಹೋಗಿ ಬರಬೇಕು.

ಹೊಳೆಯ ಜ್ಞಾನ ಭಾಷೆಯಲ್ಲೂ ಇದೆ. ಹಾವಿನ ತಲೆಯಂಥ ತಲೆಯಿರುವ ಒಂದು ಮೀನನ್ನು ತೆಲುಗರು ಕೊರ್ರಮೀನು ಎನ್ನುತ್ತಾರೆ, ಮರಾಠಿಯವರು ಮರಳ ಎನ್ನುತ್ತಾರೆ, ಕನ್ನಡದಲ್ಲಿ ಕೊರವ, ಕುಚ್ಚುಮೀನು ಎಂಬ ಹೆಸರುಗಳಿವೆ. ಮೂರು ಭಾಷೆ ಕೂಡುವ ನಮ್ಮ ಗಡಿಯಲ್ಲಿ ಈ ಹೆಸರುಗಳೂ ಕೂಡಿಯೇ ಬಾಳುತ್ತವೆ. ನೆರೆಯ ತೆಲಂಗಾಣ 2016ರಲ್ಲಿ ಇದನ್ನು ತನ್ನ ರಾಜ್ಯ ಮೀನೆಂದು ಘೋಷಿಸಿತು. ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇದಕ್ಕಿರುವುದರಿಂದ, ಬೇಸಿಗೆಯಲ್ಲಿ ನೀರು ಕಟ್ಟಿ ಆಮ್ಲಜನಕ ಕಡಿಮೆಯಾದಾಗಲೂ ಇದು ಬದುಕುತ್ತದೆ. ಮರಿಗಳು ಒಂದೇ ಗುಂಪಾಗಿ ಮೇಲ್ಮೈಯಲ್ಲಿ ತಿರುಗುವಾಗ ತಂದೆ ತಾಯಿ ಮೀನುಗಳು ಕೆಳಗೆ ಕಾವಲಿರುತ್ತವೆ. ಆಗ ದೊಡ್ಡ ಮೀನನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು.

ಮೃಗಶಿರ ಮಳೆ ಕೂಡುವ ದಿನ, ಅಂದರೆ ಜೂನ್ ಮೊದಲ ವಾರದ ಕೊನೆಗೆ, ನಮ್ಮಲ್ಲಿ ಮೀನು ಉಣ್ಣುವ ರೂಢಿಯಿದೆ. ಅಂದು ಸಂತೆಯಲ್ಲಿ ಮೀನಿನ ಮುಂದೆ ಜನ ಮುತ್ತುತ್ತಾರೆ. ರೋಹು, ಕಟ್ಲಾ, ಮೃಗಾಲ್ ಮೊದಲಾದ ಗೆಂಡೆ ಜಾತಿಯ ಮೀನುಗಳ ಹೊಟ್ಟೆಯಲ್ಲಿ ತತ್ತಿ ಬಲಿಯುವ ಕಾಲವೂ ಅದೇ. ಹೊಸ ನೀರು ಬಂದಾಗ ಅವು ಹರಿವಿಗೆ ಎದುರಾಗಿ ಹೋಗಿ ತತ್ತಿ ಇಡುತ್ತವೆ. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಹೀಗಾಗಿ ಹಿಂದೆ ಕೆರೆಗೆ ಬಿಡುವ ಮರಿಗಳನ್ನು ನದಿಯಿಂದಲೇ ಸಂಗ್ರಹಿಸಬೇಕಿತ್ತು. 1957ರ ಜುಲೈ 10ರಂದು ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಮೀನುಗಳು ತತ್ತಿ ಇಡುವಂತೆ ಮಾಡಿದರು. ಇಂದು ನಮ್ಮ ಕೆರೆಗಳಿಗೆ ಬಿಡುವ ಮೀನುಮರಿಗಳ ಹಿಂದೆ ಆ ಪ್ರಯೋಗವಿದೆ. ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ವಿಜ್ಞಾನ ಕೊಟ್ಟದ್ದು ದೊಡ್ಡದು. ಆದರೆ ಹೊಳೆ ಮೊದಲಿನಂತಿಲ್ಲ ಎಂಬುದನ್ನೂ ಮರೆಯಬಾರದು. ನಮ್ಮ ಕೆಳಗೆ ತೆಲಂಗಾಣದಲ್ಲಿ 1931ರಲ್ಲಿ ಮುಗಿದ ನಿಜಾಮಸಾಗರವಿದೆ, ಅದರ ಮೇಲೆ ಸಿಂಗೂರು ಅಣೆಕಟ್ಟಿದೆ. ನಮ್ಮ ಮೇಲೆ ಮಹಾರಾಷ್ಟ್ರದ ಧನೇಗಾಂವದಲ್ಲಿ ಮಾಂಜ್ರಾ ಅಣೆಕಟ್ಟಿದೆ. ಗೋದಾವರಿಯ ಮೀನು ಈ ಗೋಡೆಗಳನ್ನು ಹತ್ತಿ ಬರಲಾರದು. 2016ರಲ್ಲಿ ಧನೇಗಾಂವದ ಜಲಾಶಯ ಬತ್ತಿ, ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ನೆಲವೇ ಬಿರಿದಾಗ ಬಲೆಯನ್ನು ಎಲ್ಲಿಗೆ ಎಸೆಯುವುದು? ಇಂಥ ವರ್ಷಗಳಲ್ಲಿ ಮೀನುಗಾರ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗುತ್ತಾನೆ. ತಂದೆ ಊರು ಬಿಟ್ಟ ಮೇಲೆ ಮಗನಿಗೆ ಬಲೆ ಹೆಣೆಯಲು ಕಲಿಸುವವರು ಯಾರು?

ಬರಕ್ಕಿಂತ ಹೆಚ್ಚು ಹಾನಿ ಮಾಡುವುದು ನಾಚಿಕೆ. ಶಾಲೆಯಲ್ಲಿ ತಂದೆಯ ಉದ್ಯೋಗ ಕೇಳಿದಾಗ ‘ಕೂಲಿ’ ಎಂದೋ ‘ವ್ಯಾಪಾರ’ ಎಂದೋ ಬರೆಸುವ ಮೀನುಗಾರರ ಮಕ್ಕಳಿದ್ದಾರೆ. ಮೀನಿನ ವಾಸನೆಯ ಹೆಸರಿನಲ್ಲಿ ಅಣಕಿಸುವ ಗೆಳೆಯರಿದ್ದಾರೆ. ಇಂಥ ಅಣಕಕ್ಕೆ ನಮ್ಮ ಜಿಲ್ಲೆಯ ನೆಲದಲ್ಲೇ ಉತ್ತರವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಶರಣರ ನಡುವೆ ಒಬ್ಬ ದೋಣಿ ನಡೆಸುವವನಿದ್ದ. ಉಳಿದ ವಚನಕಾರರು ಬಹುಮಟ್ಟಿಗೆ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಆತ ತನ್ನ ಕಸುಬನ್ನೂ ತನ್ನ ಹೆಸರನ್ನೂ ಸೇರಿಸಿ ‘ಅಂಬಿಗ ಚೌಡಯ್ಯ’ ಎಂದೇ ಅಂಕಿತವಿಟ್ಟ. ಎಂಟು ನೂರು ವರ್ಷಗಳಾದರೂ ಆ ಹೆಸರಿನಿಂದ ಕಸುಬು ಬೇರೆಯಾಗಿಲ್ಲ. ಪ್ರತಿ ವರ್ಷ ಜನವರಿ 21ರಂದು ರಾಜ್ಯ ಸರ್ಕಾರ ಆತನ ಜಯಂತಿ ಆಚರಿಸುತ್ತದೆ. ಅಂದು ಭಾವಚಿತ್ರಕ್ಕೆ ಹಾರ ಹಾಕಿ, ಮರುದಿನ ಅದೇ ಕಸುಬಿನವರ ಮಗನನ್ನು ಹಿಂದಿನ ಬೆಂಚಿಗೆ ಕಳಿಸಿದರೆ ಆ ಹಾರಕ್ಕೆ ಅರ್ಥವೇನು?

ಪಾಲಕರಲ್ಲಿ ನನ್ನ ಮಾತು ಇಷ್ಟೆ. ಮಗ ಮೀನುಗಾರನೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಅವನು ಎಂಜಿನಿಯರ್ ಆಗಲಿ, ಮಗಳು ಡಾಕ್ಟರ್ ಆಗಲಿ, ನಂದಿನಗರದ ವಿಶ್ವವಿದ್ಯಾಲಯದಲ್ಲಿ ಮೀನಿನ ಮೇಲೆಯೇ ಸಂಶೋಧನೆ ಮಾಡಲಿ. ಆದರೆ ಅಜ್ಜನಿಗೆ ಗೊತ್ತಿದ್ದದ್ದು ಅಜ್ಞಾನವೆಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೆಳೆಯಲು ಬಿಡಬೇಡಿ. ಮೋಡ ಮುಸುಕಿದ ದಿನ ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುವುದನ್ನು ಆತ ಕಂಡಿದ್ದಾನೆ. ರಾತ್ರಿಯಿಡೀ ಪಾಚಿ ಆಮ್ಲಜನಕ ತಯಾರಿಸದ್ದರಿಂದ ಹಾಗಾಗುತ್ತದೆ ಎಂದು ಮೊಮ್ಮಗ ಓದಿದ್ದಾನೆ. ಇಬ್ಬರೂ ಕೂಡಿ ಕುಳಿತರೆ ಪಾಠ ಪೂರ್ತಿಯಾಗುತ್ತದೆ.

ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಅಥವಾ ಪಕ್ಕದ ಊರಿನ ಹಿರಿಯ ಮೀನುಗಾರರೊಬ್ಬರನ್ನು ದೊಡ್ಡವರ ಜೊತೆ ಹೋಗಿ ಕಾಣಿ. ನೀರಿಗೆ ಮಾತ್ರ ಇಳಿಯಬೇಡಿ. ಅವರು ಬಲ್ಲ ಮೀನುಗಳ ಹೆಸರನ್ನು ಕನ್ನಡ, ಮರಾಠಿ, ತೆಲುಗು, ಉರ್ದು ಯಾವುದರಲ್ಲಿ ಹೇಳಿದರೂ ಹಾಗೆಯೇ ಬರೆದುಕೊಳ್ಳಿ. ಹಿಂದೆ ಸಿಗುತ್ತಿದ್ದು ಈಗ ಸಿಗದ ಮೀನು ಯಾವುದು, ಯಾವ ತಿಂಗಳಲ್ಲಿ ಬಲೆ ಹಾಕುತ್ತಿರಲಿಲ್ಲ, ಯಾಕೆ ಎಂದು ಕೇಳಿ. ಅವರನ್ನು ಕಾಕಾ ಎಂದೋ ಅಜ್ಜಾ ಎಂದೋ ಕರೆದು, ವಿದ್ಯೆ ಹೇಳಿಕೊಡುವವರ ಮುಂದೆ ಕುಳಿತುಕೊಳ್ಳುವಂತೆ ಕುಳಿತುಕೊಳ್ಳಿ. ಬರೆದ ವಹಿಯನ್ನು ನಿಮ್ಮ ವಿಜ್ಞಾನದ ಮಾಸ್ತರರಿಗೆ ತೋರಿಸಿ. ಅದರಲ್ಲಿ ಅವರಿಗೂ ಗೊತ್ತಿರದ ನಾಲ್ಕು ಹೆಸರುಗಳು ಖಂಡಿತ ಇರುತ್ತವೆ.